ಒಂದು ಕಿಲೋ ಉಪ್ಪು

ಬೈತಖೋಲದ ಬಲೆ ಹೆಣೆಯುವ ಶೆಡ್ಡು
ಜೂನ್, ಜುಲೈ ಎರಡು ತಿಂಗಳು ಖಾಲಿ.
ಬೋಟುಗಳು ದಕ್ಕೆಗೆ ಕಟ್ಟಿಸಿಕೊಂಡು ತೂಕಡಿಸುತ್ತವೆ,
ಗಂಡಸರು ಇಸ್ಪೀಟಿಗೆ ಕೂರುತ್ತಾರೆ.
ಬೆಳಗಿನ ಆರೂವರೆಗೆ ನಾವು ಐದು ಜನ ಹೆಂಗಸರು
ಚಾಪೆ, ತಲೆದಿಂಬು, ಎರಡು ಕೈಗೆ ಎರಡು
ಬಟ್ಟೆಚೀಲದ ಉಪ್ಪು ಹಿಡಿದು ಬರುತ್ತೇವೆ.

ಸಾಣಿಕಟ್ಟೆಯ ಉಪ್ಪು, ಚೀಲಕ್ಕೆ ಒಂದು ಕಿಲೋ.
ಡಂಬೆಲ್ಲು ಬೇಡ ಎಂದಳು ಎಸ್ಪೆರಾನ್ಸಾ,
ಮೂವತ್ತೊಂದು ವರ್ಷ ಸರಕಾರಿ ಆಸ್ಪತ್ರೆಯಲ್ಲಿ
ಬೇರೆಯವರ ಮೈ ಹೊರಳಿಸಿದ ನರ್ಸು.
"ದುಡ್ಡು ಕೊಟ್ಟು ತಂದದ್ದು ಮಂಚದಡಿ ಸೇರುತ್ತದೆ.
ಉಪ್ಪಾದರೆ ದಿನಾ ಕಣ್ಣಿಗೆ ಬೀಳುತ್ತದೆ."

ಮೊದಲ ದಿನ ನಾನು ಕೇಳಿದೆ, ಹೊಟ್ಟೆ ಕರಗುತ್ತದಾ?
ಅವಳು ಕೇಳಿದಳು, ನೆಲಕ್ಕೆ ಕೂತರೆ ಏಳುತ್ತೀಯಾ?

ಬಾಗಿಲ ಚೌಕಟ್ಟು, ಕುರ್ಚಿಯ ಕಾಲು, ಮೊಮ್ಮಗಳ ಹೆಗಲು,
ಏನಾದರೊಂದು ಹಿಡಿದೇ ಏಳುತ್ತಿದ್ದೆ.
ಏಳುವಾಗ "ಅಯ್ಯೋ ದೇವರೇ" ಅನ್ನುವುದೊಂದೇ
ನಾನು ತಪ್ಪದೆ ಮಾಡುತ್ತಿದ್ದ ಪ್ರಾರ್ಥನೆ.
ಮುಟ್ಟು ನಿಂತ ವರ್ಷ ಮೊಣಕಾಲು ಮಾತು ಕಲಿತಿತ್ತು.
ರಾತ್ರಿ ಎರಡಕ್ಕೆ ಮೈಯೆಲ್ಲ ಒಲೆ.
ಕಿಟಕಿಯಲ್ಲಿ ಸೆರಗು ಬೀಸಿಕೊಳ್ಳುತ್ತ
ನಡುಗಡ್ಡೆಯ ದೀಪ ಎಣಿಸುತ್ತಿದ್ದೆ:
ಬೆಳಕು, ಕತ್ತಲೆ, ಬೆಳಕು.
ನಾದಿನಿ ಹೇಳಿದಳು, ಎಲ್ಲರಿಗೂ ಆಗೋದೇ.

ಇಲ್ಲಿ ಆಸನಗಳಿಗೆ ದೊಡ್ಡ ಹೆಸರಿಲ್ಲ.
ಗೋಡೆಗೆ ಅಂಗೈ ಒತ್ತಿ ತಳ್ಳಿದರೆ ದೋಣಿ ನೂಕುವುದು.
ಸೊಂಟದಿಂದ ಬಾಗಿ ಉಪ್ಪೆತ್ತಿದರೆ ಬುಟ್ಟಿ ಎತ್ತುವುದು.
ಕೊನೆಗೆ ಕಣ್ಣು ಮುಚ್ಚಿ ಸುಮ್ಮನೆ ಮಲಗುವುದು,
ಅದೇ ಎಲ್ಲಕ್ಕಿಂತ ಕಷ್ಟ.
ಚಂದ್ರಭಾಗಾ ಪೆಡ್ನೇಕರ ಮಲಗಿದಲ್ಲೇ ಹಾಲಿನವನ ಲೆಕ್ಕ ಹಾಕುತ್ತಾಳೆ,
ಜೈತೂನಬಿ ಗೊರಕೆ ಹೊಡೆಯುತ್ತಾಳೆ,
ಶೇವಂತಿ ತಾಂಡೇಲ ಒಂದು ದಿನ ಅತ್ತಳು.
ಯಾಕೆಂದು ಅವಳಿಗೂ ಗೊತ್ತಿರಲಿಲ್ಲ, ನಾವೂ ಕೇಳಲಿಲ್ಲ.
ತಗಡಿನ ಮೇಲೆ ಮಳೆ ಜೋರಾಗಿತ್ತು.

ಎಂಟು ಸಲ ಎತ್ತಿ ಒಂಬತ್ತನೆಯದಕ್ಕೆ ಕೈ ನಡುಗಿದರೆ
"ಸಾಕು" ಅನ್ನುತ್ತಾಳೆ ಎಸ್ಪೆರಾನ್ಸಾ.
ನಾವು ಕೇಳಿ ಬಂದ ಸಾಕು ಬೇರೆ:
ಓದಿದ್ದು ಸಾಕು, ನಕ್ಕಿದ್ದು ಸಾಕು, ಇದ್ದ ಸೀರೆ ಸಾಕು.
ಇನ್ನೊಂದು ಸಾಕು ಇತ್ತು,
ಮಕ್ಕಳನ್ನು ಸಾಕು, ಅತ್ತೆಯನ್ನು ಸಾಕು,
ಮೈದುನ ಬಿಟ್ಟುಹೋದ ನಾಯಿಯನ್ನೂ ಸಾಕು.
ಎರಡು ಸಾಕಿನ ನಡುವೆ ಮೂವತ್ತು ವರ್ಷ ಹೋಯಿತು.
ಈಗ ಉಪ್ಪು ಕೆಳಗಿಟ್ಟಾಗ
ಅವಳು ಯಾವ ಸಾಕು ಅಂದಳೆಂದು
ನನ್ನ ತೋಳು ಕೇಳುವುದಿಲ್ಲ.

ಜುಲೈ ಕೊನೆಯ ಸೋಮವಾರ ಶೇವಂತಿ ತಡವಾಗಿ ಬಂದಳು.
ದಕ್ಕೆಯ ಪಾಚಿಯಲ್ಲಿ ಜಾರಿ ಬಿದ್ದಳಂತೆ. ಯಾರೂ ಇರಲಿಲ್ಲವಂತೆ.
"ಮಗ್ಗುಲಿಗೆ ಹೊರಳಿದೆ, ಒಂದು ಮೊಣಕಾಲು ಊರಿದೆ,
ಉಸಿರು ಬಿಟ್ಟೆ, ಎದ್ದೆ."
ಬಂಗುಡೆಯ ರೇಟು ಹೇಳುವ ದನಿಯಲ್ಲಿ ಹೇಳಿ
ಚಾಪೆ ಬಿಡಿಸಿದಳು.
ಎಸ್ಪೆರಾನ್ಸಾ ಅವಳ ತರಚಿದ ಮೊಣಕೈ ತೊಳೆದಳು,
ಆಮೇಲೆ ತುಸು ಹೊತ್ತು
ಸಮುದ್ರದ ಕಡೆ ಮುಖ ಮಾಡಿ ನಿಂತಳು.

ಆಗಸ್ಟಿಗೆ ಬೋಟು ಹೊರಟವು, ಶೆಡ್ಡಿಗೆ ಬಲೆ ಮರಳಿತು.
ಈಗ ಜೈತೂನಬಿಯ ತಾರಸಿಯಲ್ಲಿ ಕಲೆಯುತ್ತೇವೆ,
ವಾರಕ್ಕೆ ನಾಲ್ಕು ದಿನ, ನೆಂಟರು ಬಂದರೆ ಮೂರು.
ಅವಳೇ ಒಮ್ಮೆ ತಕ್ಕಡಿ ತಂದು ಚೀಲ ತೂಗಿದಳು.
ಮಳೆಗಾಲದ ತೇವ ಕುಡಿದು
ಕಿಲೋಗೆ ಎಪ್ಪತ್ತು ಗ್ರಾಂ ಹೆಚ್ಚಾಗಿತ್ತು ಉಪ್ಪು.
ಅಷ್ಟನ್ನೂ ಎತ್ತಿದ್ದೆವು, ಗೊತ್ತೇ ಇಲ್ಲದೆ.

ನಿನ್ನೆ ನೆಲಕ್ಕೆ ಕೂತು ಮೀನು ಹೆಚ್ಚಿ ಮುಗಿಸಿದೆ.
ಮೊಮ್ಮಗಳು ರೂಢಿಯಂತೆ ಹೆಗಲು ಕೊಡಲು ಓಡಿಬಂದಳು,
ಅಷ್ಟರಲ್ಲಿ ನಾನು ಎದ್ದಾಗಿತ್ತು.
ಎರಡೂ ಕೈಯಲ್ಲಿ ಮೀನಿನ ತಟ್ಟೆ.
"ಅಯ್ಯೋ ದೇವರೇ" ಅಂದೆ,
ಬರೀ ಅಭ್ಯಾಸಕ್ಕೆ.