ಬುಧವಾರದ ಲೆಕ್ಕ

ಲಂಟಾನದ ಕಡ್ಡಿ ಬೇಯುವಾಗ ಕೆಟ್ಟ ನಾತ.
ಸಿಪ್ಪೆ ಸುಲಿದರೆ ಒಳಗೆ ಬೆಣ್ಣೆ ಬಣ್ಣ.
ಬಿಸಿಯಿದ್ದಾಗಲೇ ಬಗ್ಗಿಸಬೇಕು,
ಆರಿತೋ, ಯಾರ ಮಾತನ್ನೂ ಕೇಳದು.

ನಮ್ಮದು ಹನ್ನೊಂದು ಹೆಂಗಸರ ಸಂಘ,
ತಾಳವಾಡಿಯಿಂದ ಮೇಲೆ, ಬಸ್ಸು ತಿರುಗಿಕೊಳ್ಳುವ ಜಾಗ.
ಬಸ್ಸಿನ ಬೋರ್ಡು ತಮಿಳು, ಒಳಗಿನ ಜಗಳ ಕನ್ನಡ.
ಕುರ್ಚಿಗೆ ಆರುನೂರು ಅನ್ನುತ್ತಾನೆ ಸತ್ಯಮಂಗಲದ ಅಂಗಡಿಯವನು,
ದಿಂಬಂ ಘಾಟಿ ಇಳಿಸಿ ಕೊಟ್ಟರೆ.
ಕಾಲು ಅಲ್ಲಾಡಿದರೆ ಅದನ್ನೇ ಹೊತ್ತು ಮತ್ತೆ ಹತ್ತಬೇಕು.

ಪುಸ್ತಕ ಬರೆಯುವವಳು ನಾನು, ಕುಂಬಮ್ಮ.
ಅಕ್ಷರ ಕಲಿತದ್ದು ನಲವತ್ತರ ಮೇಲೆ,
ಯಾಕೆಂದರೆ ಒಮ್ಮೆ
ಕ್ಯಾಂಪಿನ ಟಾರ್ಪಾಲಿನ ಕೆಳಗೆ
ನನ್ನ ಹೆಬ್ಬೆಟ್ಟು ಹಿಡಿದು
ಬರೀ ಬಿಳೀ ಹಾಳೆಗೆ ಒತ್ತಿಸಿಕೊಂಡರು.
ಆ ಹಾಳೆಯಲ್ಲಿ ನಾನು ಏನು ಹೇಳಿದೆನೋ
ಇವತ್ತಿಗೂ ಗೊತ್ತಿಲ್ಲ.

ಗಂಡಸರ ಕತೆ ಬೇರೆ, ಅದನ್ನು ಹೇಳುವುದಿಲ್ಲ.
ನನ್ನವನು ಬಂದ. ತೋಳು ಮೇಲೆತ್ತಲಾರ, ಅಷ್ಟೆ.

ಈ ಬುಧವಾರ ಬಂಗಾರಿ ಸಾಲ ಕೇಳಿದಳು.
ಹಂಡೆಯ ಕೆಳಗೆ ಸೌದೆ ಸಿಡಿದದ್ದು ಬಿಟ್ಟರೆ ಸದ್ದಿಲ್ಲ.
ಅವಳ ಗಂಡ ಕ್ಯಾಂಪಿಗೆ ಹೆಸರು ಕೊಟ್ಟವನು,
ಒಂಬತ್ತು ಹೆಸರು, ಒಂಬತ್ತು ಮನೆ.
ಆಮೇಲೆ ಕಾಡಿನವರು ಅವನನ್ನು
ಹುಣಸೆ ಮರದಡಿ ಮಲಗಿಸಿ ಹೋದರು.
ಹೊತ್ತು ತರಲು ಯಾರೂ ಏಳಲಿಲ್ಲ.
ಬಂಗಾರಿ ಒಬ್ಬಳೇ ಕಂಬಳಿಯ ಮೇಲೆ ಎಳೆದು ತಂದಳು.
ನಾವು ಬಾಗಿಲು ಹಾಕಿಕೊಂಡಿದ್ದೆವು,
ಎಳೆಯುವ ಸದ್ದು ಒಳಕ್ಕೇ ಬಂತು.

ಜಡೆಮಾದಿ ಎದ್ದಳು. ಅವಳದು ಎರಡನೆಯ ಹೆಸರಿನ ಮನೆ.
"ನನ್ ಗಂಡನ್ನ ಕೇಳಿ ಕೊಡ್ರವ್ವ ಸಾಲವ.
ಎಲ್ಲವ್ನೆ ಅಂತ ಮೊದ್ಲು ಹೇಳಿ."
ಬಂಗಾರಿ ತಲೆ ತಗ್ಗಿಸಲಿಲ್ಲ.
"ಎರಡು ಆಡು, ಗಬ್ಬದವು, ಸಂತೇಲಿ ನೋಡ್ಕ ಬಂದಿವ್ನಿ.
ಒಂದು ಮರಿ ಸಂಘಕ್ಕೆ."

ಹತ್ತು ಸಹಿ ಬಿತ್ತು. ಹನ್ನೊಂದನೆಯ ಗೆರೆ ಖಾಲಿ.
ಜಡೆಮಾದಿ ಹಂಡೆಯ ಹತ್ತಿರ ಹೋಗಿ
ಕಡ್ಡಿ ಎಳೆದು, "ಆರೋಯ್ತದೆ, ಯಾರಾದ್ರೂ ಬನ್ನಿ" ಅಂದಳು.
ಹತ್ತಿರವಿದ್ದವಳು ಬಂಗಾರಿಯೇ.
ಒಂದು ತುದಿ ಇವಳು, ಒಂದು ತುದಿ ಅವಳು,
ಮೊಣಕಾಲು ಕೊಟ್ಟು ಬಗ್ಗಿಸಿದರು, ಮುಖ ನೋಡದೆ.

ಹೊತ್ತು ಇಳಿದ ಮೇಲೆ ಜಡೆಮಾದಿ ಬಂದು ಕೂತಳು.
"ಮೊದ್ಲು ಬರಿ. ಓದು. ಆಮೇಕೆ."
ಗಂಡನ ಹೆಸರಿನ ಕಾಲಮ್ಮಿನಲ್ಲಿ ನನ್ನ ಪೆನ್ನು ನಿಂತಿತು.
"ಅದ್ನೂವೆ ಬರಿ."
ಬರೆದೆ. ಗಟ್ಟಿಯಾಗಿ ಓದಿದೆ:
ಬಂಗಾರಿ, ಗಂಡ ದಿವಂಗತ ಕೇತೇಗೌಡ, ಆರು ಸಾವಿರ,
ಬಡ್ಡಿ ನೂರಕ್ಕೆ ಒಂದು.
ಮೂವತ್ತು ವರ್ಷದಲ್ಲಿ ಆ ಹೆಸರು
ನಮ್ಮ ಪೋಡಿನಲ್ಲಿ ಯಾರ ಬಾಯಿಗೂ ಬಂದಿರಲಿಲ್ಲ.

ಸಹಿ ಬರುತ್ತದೆ ಜಡೆಮಾದಿಗೆ, ನಾನೇ ಕಲಿಸಿದ್ದು.
ಆದರೂ ಹಂಡೆಯ ತಳದ ಮಸಿಗೆ ಹೆಬ್ಬೆಟ್ಟು ತಿಕ್ಕಿ
ತುಂಬಿದ ಹಾಳೆಯ ಮೇಲೆ ಒತ್ತಿದಳು.

ಕುರ್ಚಿಯ ಕೈ ಒಂದು ಬೆರಳಿನಷ್ಟು ಸೊಟ್ಟ.
ಘಾಟಿ ಇಳಿಯುವ ಮುಂಚೆ ಸರಿಮಾಡಬೇಕು.