ಮೂರು ಸಲ ತಪ್ಪಿದ ಮೇಲೆ

ಹನ್ನೊಂದೂವರೆ. ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನಲ್ಲಿ
ಮೊದಲ ಸುತ್ತಿನ ಹರಾಜು ಮುಗಿದಿದೆ.
ಧಾರಣೆಯ ಚೀಟಿ ನನ್ನ ಕೈಯಲ್ಲಿ,
ಪರದೆಯ ಮೇಲೆ ಮಾತ್ರ ಬಿಳಿ ಹಾಳೆ, ನಡುವೆ ಒಂದೇ ಸಾಲು:
ಈ ತಾಣವನ್ನು ತಲುಪಲಾಗುತ್ತಿಲ್ಲ.

ಮೊಣಕಾಲು ನೋವಿನ ಇಬಾದುಲ್ಲಾ ಸಾಬರು
ಮನೆಯಲ್ಲೇ ಕೂತು ಗೂಡು ಕೊಳ್ಳುವವರು. ಎರಡನೇ ಸಲ ಫೋನು.
'ಏನಮ್ಮಾ ಸುಗುಣ, ರೇಟೇ ಬಂದಿಲ್ಲ?'
ಐದು ನಿಮಿಷ ಸಾಬ್, ಅಂದೆ.
ನಮ್ಮ ಕಸುಬಿನ ಐದು ನಿಮಿಷ
ದರ್ಜಿಯ ನಾಳೆಗೆ ಒಡಹುಟ್ಟಿದ ತಮ್ಮ.

ಮೊದಲು ದುಡ್ಡು ನೋಡಬೇಕು. ಯಾವಾಗಲೂ ಮೊದಲು ದುಡ್ಡು.
ಹೆಸರಿನ ಬಾಡಿಗೆ ಮಾರ್ಚಿನವರೆಗೆ ಕಟ್ಟಿದೆ.
ಸರ್ಟಿಫಿಕೇಟಿಗೆ, ಡೈರಿಯ ಲೆಕ್ಕದಲ್ಲಿ, ಇನ್ನೂ ನಲವತ್ತು ದಿನದ ಆಯಸ್ಸು.
ಡಿಸ್ಕು ತುಂಬಿತೇನೋ? ಹೋದ ಶ್ರಾವಣದಲ್ಲಿ ಹಾಗೇ ಆಗಿತ್ತು,
ಸರ್ವರು ತನ್ನ ತಪ್ಪುಗಳನ್ನು ತಾನೇ ಬರೆದಿಡುವ ಕಡತ
ಊದಿ ಊದಿ ಮನೆಯೆಲ್ಲ ನುಂಗಿ
ಹೊಸದೊಂದು ಅಂಕಿಗೂ ಜಾಗ ಉಳಿದಿರಲಿಲ್ಲ.
ಮನುಷ್ಯರಿಗೂ ಆಗುತ್ತೆ.
ಒಳಗೆ ಹೋಗಿ ನೋಡೋಣವೆಂದರೆ ಪ್ಯಾನೆಲ್ಲೂ ತೆರೆಯದು.

ರೌಟರು ಆರಿಸಿ, ಹತ್ತು ಎಣಿಸಿ, ಹಚ್ಚಿದೆ.
ಅದು ಹಸಿರು ಕಣ್ಣು ಮಿಟುಕಿಸಿತು, ಏನೂ ಅರಿಯದ ಮಗುವಿನ ಹಾಗೆ.

ಹೋಸ್ಟಿಂಗ್ ಕಂಪನಿಯ ಚಾಟಿನಲ್ಲಿ ಯಾರೋ ದೀಪೇಶ್ ಅಂತೆ.
ನಮ್ಮ ಕಡೆ ಎಲ್ಲ ಸರಿಯಿದೆ ಮೇಡಂ,
ಕ್ಯಾಶ್ ಖಾಲಿ ಮಾಡಿ ನೋಡಿ, ಎಂದ.
ಅದು ಸೋಮವಾರವೇ ಖಾಲಿ, ಅಪ್ಪಾ.
ಮೊನ್ನೆಯ ಬ್ಯಾಕಪ್ಪು ವಾಪಸ್ ಹಾಕಲೇ?
ನಡುವಿನ ಎರಡು ದಿನದ ಧಾರಣೆ ಅಳಿಸಿಹೋಗುತ್ತೆ,
ಒಪ್ಪಿಗೆಯಿದ್ದರೆ ಹೌದು ಎಂದು ಬರೆಯಿರಿ.

ಕೆಳಗೆ ಬಿಚ್ಚಾಣಿಕೆ ನಡೆದಿದೆ.
ಹುಳ ಬೆಂದ ವಾಸನೆ ಮೆಟ್ಟಿಲೇರಿ ಬಂದು
ನನ್ನ ದುಪಟ್ಟಾದಲ್ಲಿ ಕೂತು ಎಷ್ಟೋ ವರ್ಷವಾಯಿತು.
ಮುನಿಪಿಳ್ಳಮ್ಮ ಬಿಸಿನೀರಿನ ಗೂಡುಗಳ ಮೇಲೆ ಕುಂಚ ಆಡಿಸಿ
ಮೇಲಿನ ಸಿಕ್ಕನ್ನೆಲ್ಲ ಎಳೆದೆಳೆದು ಬಿಸಾಡುತ್ತಾಳೆ,
ಎಳೆಯ ನಿಜವಾದ ತುದಿ ಕೈಗೆ ಬರುವ ತನಕ.
ಅವಸರ ಬಿದ್ದದ್ದು ನಾನು ನೋಡಿಲ್ಲ.

ನಾನು 'ಹೌ' ತನಕ ಬರೆದಿದ್ದೆ.

ಅವಳೇ ಮೇಲೆ ಬಂದಳು, ನೀರಿಗೆ ನೆನೆದು ಸುಕ್ಕಾದ ಬೆರಳು,
ಪರದೆ ಸೀಳಿದ ಫೋನು.
'ಅಮ್ಮಯ್ಯ, ಇದ್ಯಾಕೆ ಇನ್ನೂ ನಿನ್ನೆ ರೇಟೇ ತೋರುಸ್ತೈತೆ?
ಚೀಮಂಗಲದಿಂದ ನನ್ ತಮ್ಮ ಗೂಡು ತಂದವ್ನೆ, ಕೇಳ್ತಾವ್ನೆ.'

ತೋರಿಸುತ್ತಿದೆ!
ಅವಳಿಗೆ ತೋರಿಸುತ್ತಿದೆ. ಊರಿಗೆಲ್ಲ ತೋರಿಸುತ್ತಿದೆ.
ಬಾಗಿಲು ಹಾಕಿರುವುದು ನನಗೊಬ್ಬಳಿಗೆ.

ನೆನಪಾಯಿತು. ನಿನ್ನೆ ರಾತ್ರಿ, ಕರೆಂಟು ಹೋಗಿ ಬಂದು,
ಸೊಳ್ಳೆಗೆ ಒಂದು ಕೈ, ಕೀಬೋರ್ಡಿಗೆ ಒಂದು ಕೈ,
ಗುಪ್ತಪದ ಮೂರು ಸಲ ತಪ್ಪಿತ್ತು.
ಮೂರು ಸಲ ತಪ್ಪಿದವರ ವಿಳಾಸಕ್ಕೆ ಬಾಗಿಲು ತೆಗೆಯಬೇಡವೆಂದು
ಅದಕ್ಕೆ ಹೇಳಿಕೊಟ್ಟವಳು ನಾನೇ, ಹೋದ ವರ್ಷ,
ಕಳ್ಳರ ಕಾಟಕ್ಕೆ ಹೆದರಿ.
ಯಜಮಾನಿಯ ಮುಲಾಜಿಗೆ ಬೀಳದೆ ಹೇಳಿದಂತೆ ನಡೆದಿದೆ, ಪಾಪ.

ಬೇಡ, ಎಂದು ಬರೆದೆ ದೀಪೇಶನಿಗೆ.
ಮುನಿಪಿಳ್ಳಮ್ಮನ ಹಾಟ್‌ಸ್ಪಾಟ್ ಹಿಡಿದು,
ಅವಳ ವಿಳಾಸದ ಮರೆಯಲ್ಲಿ ನನ್ನ ಮನೆಗೆ ನಾನೇ ನುಸುಳಿ,
ಕಪ್ಪುಪಟ್ಟಿಯಲ್ಲಿ ನನ್ನನ್ನು ಹುಡುಕಿದೆ.
ರಾತ್ರಿ ಹನ್ನೊಂದು ಹದಿನೇಳು: ಅಪರಿಚಿತ ವ್ಯಕ್ತಿ.
ಸ್ವಲ್ಪ ಹೊತ್ತು ನೋಡುತ್ತಾ ಕೂತೆ.
ಆಮೇಲೆ ಅಳಿಸಿದೆ.

ಮಿಶ್ರತಳಿ, ಐನೂರ ಎಂಬತ್ತು. ಒತ್ತಿದೆ. ಹೋಯಿತು.

ಸಾಬರ ಮೂರನೇ ಫೋನು:
'ಇಷ್ಟೊಂದು ಏರಿತಾ? ಎಲ್ಲೋ ತಪ್ಪಿದೆ, ಸರಿಯಾಗಿ ನೋಡಮ್ಮಾ.'
ನೋಡಿದೆ ಸಾಬ್. ಇದರಲ್ಲಿ ತಪ್ಪಿಲ್ಲ.

ಮೆಟ್ಟಿಲ ಮೇಲೆ ಮುನಿಪಿಳ್ಳಮ್ಮ ಅದೇ ಅಂಕಿಯನ್ನು
ತಮ್ಮನಿಗೆ ಕೂಗಿ ಕೂಗಿ ಓದುತ್ತಿದ್ದಳು, ಎರಡೆರಡು ಸಲ,
ಡೇಟಾ ನನ್ನ ಲ್ಯಾಪ್‌ಟಾಪಿಗೆ ಇನ್ನೂ ಹರಿಯುತ್ತಿರುವುದು ಗೊತ್ತಿಲ್ಲದೆ.