ಅಲ್ಪವಿರಾಮದ ಕೀಲಿ

ಕೊಡಿಯಾಲಬೈಲಿನ ಈ ಮಾಳಿಗೆಯಲ್ಲಿ
ಇಪ್ಪತ್ತಾರು ವರ್ಷದಿಂದ ನಾನು ಟೈಪಿಸ್ಟು.
ಯಂತ್ರದಲ್ಲಿ ಎಲ್ಲಕ್ಕಿಂತ ಮೊದಲು ಸವೆದದ್ದು
ಇ ಅಲ್ಲ, ಎ ಅಲ್ಲ,
ಅಲ್ಪವಿರಾಮದ ಕೀಲಿ.

ನಮ್ಮ ಬಾಳಿಗಾ ವಕೀಲರ ಇಂಗ್ಲಿಷ್ ವಾಕ್ಯ ಹಾಗೆ:
ಕರ್ತೃವಿನಿಂದ ಹೊರಟದ್ದು ಕ್ರಿಯಾಪದ ಮುಟ್ಟುವ ಮೊದಲು
ಸ್ಟೇಟ್ ಬ್ಯಾಂಕಿನಿಂದ ಬಿಟ್ಟ ಸಿಟಿ ಬಸ್ಸಿನಂತೆ
ಕೈ ತೋರಿಸಿದಲ್ಲೆಲ್ಲ ನಿಲ್ಲುತ್ತದೆ.
ನಾಟ್‌ವಿತ್‌ಸ್ಟ್ಯಾಂಡಿಂಗ್ ಹತ್ತುತ್ತಾರೆ,
ಸಬ್ಜೆಕ್ಟ್ ಟು ಹತ್ತುತ್ತಾರೆ, ಬುಟ್ಟಿ ಸಮೇತ.
ಪ್ರೊವೈಡೆಡ್ ದ್ಯಾಟ್ ಫುಟ್‌ಬೋರ್ಡಿನಲ್ಲಿ ಜೋತು.
ಒಳಗೆ ಸೀಟು ಸಿಕ್ಕಿದ ಸತ್ಯಕ್ಕೆ
ಕಿಟಕಿಯೂ ಕಾಣುವುದಿಲ್ಲ.

"ಬರೀ ಮಾತು ಬರಿಗಾಲಲ್ಲಿ ಕೋರ್ಟಿಗೆ ಹೋಗಬಾರದು, ಐತಪ್ಪ.
ಚಪ್ಪಲಿ ಹಾಕಿಸಿ ಕಳಿಸು."

ಅದೇ ಅಭ್ಯಾಸ ಮನೆಗೂ ಬಂತು.
ಪುಳಿಮುಂಚಿ ಹೇಗಾಗಿದೆ ಎಂದು ಹೆಂಡತಿ ಕೇಳಿದರೆ
ಉಪ್ಪಿನ ಮಟ್ಟಿಗೆ ಹೇಳುವುದಾದರೆ, ಎಂದು ನಾನು ಶುರುಮಾಡುವುದರೊಳಗೆ
ಬಂಗುಡೆ ತಟ್ಟೆಯಿಂದ ಹೋಗಿರುತ್ತದೆ.

ಆ ಬುಧವಾರ ಬೆಂಗ್ರೆಯಿಂದ ದೋಣಿ ದಾಟಿ
ಅಪ್ಪಿಯಕ್ಕ ಬಂದರು, ಕೊಡೆ ಬಾಗಿಲಲ್ಲಿಟ್ಟು.
ಗಂಡ ದೂಮಪ್ಪ ಮೆಂಡನ್, ಡಕ್ಕೆಯಲ್ಲಿ ಬೋಟು ಹತ್ತಿ
ಏಳು ವರ್ಷ ದಾಟಿತ್ತು.
ಹಲಗೆ ಸಿಕ್ಕಿತ್ತು, ಮಂಜುಗಡ್ಡೆಯ ಪೆಟ್ಟಿಗೆ ಸಿಕ್ಕಿತ್ತು.
ತುಳುವಿನಲ್ಲಿ ಅವರು ಹೇಳಿದ್ದು ಇಷ್ಟೇ:

ಬರ್ಪೆ ಪಂಡೆರ್. ಪೋಯೆರ್. ಬತ್ತಿಜೆರ್.

ಬರುತ್ತೇನೆ ಎಂದರು. ಹೋದರು. ಬರಲಿಲ್ಲ.
ನಡುವೆ ಎಲ್ಲಿಯೂ
ಒಂದು ಕಾಮಾ ಕೂರಿಸಲಿಕ್ಕೆ ಜಾಗ ಇಲ್ಲ.

ವಕೀಲರು ಕನ್ನಡಕ ಏರಿಸಿದರು. ನಾನು ಕಾಗದ ಏರಿಸಿದೆ.
ಅರ್ಜಿದಾರಳ ತಿಳಿವಳಿಕೆ ಮತ್ತು ನಂಬಿಕೆಯ ಮಟ್ಟಿಗೆ, ಕಾಮಾ,
ಸದರಿ ವ್ಯಕ್ತಿಯ ಸುದ್ದಿಯು, ಕಾಮಾ,
ಅವರು ಬದುಕಿದ್ದಿದ್ದರೆ ಸಹಜವಾಗಿ ಯಾರ ಕಿವಿಗೆ ಬೀಳಬೇಕಿತ್ತೋ
ಅವರ ಕಿವಿಗೆ ಬೀಳದೆ ಇರುವ ಕಾರಣ, ಕಾಮಾ,
ಮೃತರೆಂದು ಭಾವಿಸತಕ್ಕದ್ದು.
(ಇಂಗ್ಲಿಷಿನಲ್ಲಿ ಇದು ಇನ್ನೂ ಉದ್ದ ಉಂಟು.)

ಓದಿ ಹೇಳಲಾಗಿದೆ, ಅರ್ಥವಾಗಿದೆ
ಎಂದು ಕೆಳಗೆ ಹೊಡೆಯಲಿಕ್ಕುಂಟಲ್ಲ,
ಹಾಗಾಗಿ ಓದಿ ಹೇಳಿದೆ.
ಅಷ್ಟು ದೊಡ್ಡ ವಾಕ್ಯ ತುಳುವಿಗೆ ಇಳಿಯುವಾಗ
ಎಲ್ಲ ಉದುರಿ, ಬಾಲದಲ್ಲಿ ಒಂದೇ ಅಕ್ಷರ ಉಳಿಯಿತು: ಗೆ.
ನಮ್ಮ ಕನ್ನಡದ ಅಂತೆ.
ಸೈತೆರ್‌ಗೆ.
ತೀರಿಹೋದರಂತೆ.

ಅಪ್ಪಿಯಕ್ಕ ತಲೆ ಎತ್ತಿದರು.
"ಯಾರು ಹೇಳಿದ್ದು?"

ನಾನು ವಕೀಲರನ್ನು ನೋಡಿದೆ,
ವಕೀಲರು ಪುಸ್ತಕದ ಕಪಾಟನ್ನು.
ಯಾರೂ ಅಲ್ಲ ಅಕ್ಕ, ವಾಕ್ಯವೇ ಹಾಗೆ.

"ಅವರು ಹೇಳಿದ್ದು ಎಲ್ಲಿ ಹಾಗಾದರೆ?"

ಬರ್ಪೆ.
ಅದು ರೂಢಿ ಮಾರಾಯ್ತಿ, ಎಂದರು ವಕೀಲರು,
ಹೋಗುವವರು ಎಲ್ಲರೂ ಹೇಳುವುದೇ ಅದು,
ಹೋಗುತ್ತೇನೆ ಅಂತ ಯಾರಾದರೂ ಹೇಳಿ ಹೋಗುತ್ತಾರಾ,
ಅದಕ್ಕೆ ಸಾಕ್ಷ್ಯದ ಬೆಲೆ ಇಲ್ಲ.
ಸ್ವಲ್ಪ ಹೊತ್ತು ಫ್ಯಾನಿನದ್ದೇ ಸದ್ದು.
ಆಮೇಲೆ, ಮೆಲ್ಲ:
"ಸೇರಿಸು ಐತಪ್ಪ. ಹ್ಯಾವಿಂಗ್ ಸ್ಟೇಟೆಡ್
ದ್ಯಾಟ್ ಹಿ ವುಡ್ ರಿಟರ್ನ್.
ಎರಡು ಕಾಮಾದ ನಡುವೆ."

ಮೊದಲ ಕಾಮಾ ಬಿತ್ತು.
ಮುಚ್ಚುವ ಕಾಮಾ ಬೀಳಲಿಲ್ಲ.
ಮತ್ತೆ ಗುದ್ದಿದೆ, ರಿಬ್ಬನ್ ಹರಿದು
ಕಾಗದಕ್ಕೆ ಒಂದು ತೂತು, ಸಾಸಿವೆಯಷ್ಟು.
ಕೈಯಲ್ಲಿ ತಿದ್ದೋಣವೆಂದು ಪೆನ್ನು ಹುಡುಕುವಾಗ
ಅವರು ಹೆಬ್ಬೆಟ್ಟು ಒತ್ತಿ ಆಗಿತ್ತು.

ಶಾಯಿಯನ್ನು ತಲೆಗೂದಲಿಗೆ ಒರೆಸಿಕೊಂಡು
ಐದೂವರೆಯ ದೋಣಿ ತಪ್ಪೀತೆಂದು ಎದ್ದರು.
ಮರದ ಮೆಟ್ಟಿಲು ಎರಡು ಇಳಿದು, ಕೊಡೆಗೆಂದು ತಿರುಗಿ ಬಂದು
ಬರ್ಪೆ, ಎಂದರು.

ಆವು, ಎಂದೆ.
ಅದಕ್ಕೆ ಬೇರೆ ಎಂತದೂ ಸೇರಿಸಲಿಲ್ಲ.